ಮನೆಯೊಳಗಿನ ಹಸಿರು: ನೋಡಿ ನೀರೆರೆಯಿರಿ



ನಮ್ಮ ಬೆಳಗೊಳದ ಕಡೆಯ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಕ್ರಿಸ್ಮಸ್ ರಜೆಗೆ ಬಂದವನು ಚೆಂದದ ಪಿಂಗಾಣಿ ಕುಂಡದಲ್ಲಿ ಒಂದು ಮನಿಪ್ಲಾಂಟ್ ತಂದು, “ಅಮ್ಮ, ನಿನ್ನ ಜೊತೆಗಿರಲಿ” ಎಂದು ನಡುಮನೆಯ ಮೂಲೆಯಲ್ಲಿಟ್ಟು ಹೋಗಿದ್ದಾನೆ. ತಾಯಿ ದಿನವೂ ಬೆಳಗಿನ ಪ್ರಾರ್ಥನೆ ಮುಗಿಸಿ ಅದಕ್ಕೆ ಒಂದು ಚೊಂಬು ನೀರು ಹಾಕುತ್ತಾರೆ. ಒಂದು ದಿನವೂ ತಪ್ಪಿಸುವುದಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಎಲೆಗಳು ಹಳದಿಯಾಗಿ ಜೋತುಬೀಳುತ್ತವೆ. ಪಾಪ, ಬಾಯಾರಿದೆಯೆಂದು ತಾಯಿ ಸಂಜೆಯೂ ಒಂದು ಚೊಂಬು ಹಾಕಲು ತೊಡಗುತ್ತಾರೆ. ತಪಸ್ಸುಕಾಲ ಮುಗಿಯುವ ಮೊದಲೇ ಗಿಡ ಕೊಳೆತುಹೋಗುತ್ತದೆ. “ನನ್ನ ಕೈಗುಣವೇ ಸರಿಯಿಲ್ಲ” ಎಂದು ತಾಯಿ ನೊಂದುಕೊಳ್ಳುತ್ತಾರೆ. ಮಗ ಫೋನ್ ಮಾಡಿ ಗಿಡ ಹೇಗಿದೆಯೆಂದು ಕೇಳಿದರೆ ಮಾತು ತೇಲಿಸುತ್ತಾರೆ.

ಇಂಥ ತಾಯಂದಿರು ನಮ್ಮಲ್ಲಿ ಹಲವರಿದ್ದಾರೆ. ಅವರಿಗೆ ಮೊದಲು ಹೇಳಬೇಕಾದ ಮಾತು ಇದು: ನಿಮ್ಮ ಕೈಗುಣದಲ್ಲಿ ದೋಷವಿಲ್ಲ, ಪ್ರೀತಿಯಲ್ಲೂ ಕೊರತೆಯಿಲ್ಲ. ಕೊರತೆಯಿದ್ದದ್ದು ನೋಡುವುದರಲ್ಲಿ. ಮನೆಯೊಳಗಿನ ಗಿಡಗಳಲ್ಲಿ ಹೆಚ್ಚಿನವು ಬಾಯಾರಿ ಸಾಯುವುದಿಲ್ಲ. ನೋಡದೆ ಸುರಿದ ನೀರಿನಿಂದ ಸಾಯುತ್ತವೆ. ಇದರ ಕಾರಣವನ್ನು ತಿಳಿದುಕೊಂಡರೆ ಉಪಾಯ ತಾನಾಗಿ ಹೊಳೆಯುತ್ತದೆ. ಈ ವಾರದ ಪಾಠ ಅದೇ.

ಈ ಗಿಡ ಬಂದದ್ದು ಎಲ್ಲಿಂದ?

ನಾವು ಮನಿಪ್ಲಾಂಟ್ ಎನ್ನುವ ಬಳ್ಳಿಯ ತವರು ಪೆಸಿಫಿಕ್ ಸಾಗರದ ಮಧ್ಯೆ ಇರುವ ಮೋರಿಯಾ ಎಂಬ ಪುಟ್ಟ ದ್ವೀಪ. ಅಲ್ಲಿಂದ ಹೊರಟ ಬಳ್ಳಿ ಯೂರೋಪಿನ ಸಸ್ಯಶಾಲೆಗಳನ್ನು ಸೇರಿ, 1880ರಲ್ಲಿ ಅಲ್ಲಿ ಮೊದಲ ಸಲ ಶಾಸ್ತ್ರೀಯ ಹೆಸರನ್ನು ಪಡೆಯಿತು. ಇಂದು ಅದು ಇಲ್ಲದ ಉಷ್ಣದೇಶವಿಲ್ಲ. ನಮ್ಮ ಕೆಸು, ಸುವರ್ಣಗೆಡ್ಡೆಗಳು ಇದರ ದಾಯಾದಿಗಳು. ಎಲ್ಲವೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ನೋಡಲು ವೀಳ್ಯದೆಲೆಯಂತಿದ್ದರೂ ವೀಳ್ಯದ ಬಳ್ಳಿಗೂ ಇದಕ್ಕೂ ನಂಟಿಲ್ಲ. ವೀಳ್ಯದೆಲೆಯದು ಮೆಣಸಿನ ಬಳ್ಳಿಯ ಕುಟುಂಬ.

ಕಾಡಿನಲ್ಲಿ ಈ ಬಳ್ಳಿಯ ಬಾಳುವೆ ಹೇಗೆ? ದೊಡ್ಡ ಮರದ ಬುಡದಲ್ಲಿ, ಎಲೆಗಳ ನಡುವಿನಿಂದ ಸೋಸಿಬರುವ ಬೆಳಕಿನಲ್ಲಿ, ಗೆಣ್ಣುಗಳಿಂದ ಬೇರು ಹೊರಡಿಸಿ ಮರವನ್ನು ಹಿಡಿದುಕೊಂಡು ಮೇಲೇರುತ್ತದೆ. ಬೇರಿನ ಒಂದು ಭಾಗ ಸಡಿಲವಾದ ತರಗೆಲೆ ಮಣ್ಣಿನಲ್ಲಿ. ಇನ್ನೊಂದು ಭಾಗ ಗಾಳಿಯಲ್ಲಿ. ಮಳೆ ಸುರಿಯುತ್ತದೆ, ನೀರು ಹರಿದುಹೋಗುತ್ತದೆ, ಬೇರು ಆರುತ್ತದೆ, ಮತ್ತೆ ಮಳೆ ಬರುತ್ತದೆ. ನಮ್ಮ ಹಿತ್ತಿಲಿನ ತೆಂಗಿನ ಮರಕ್ಕೆ ಹಬ್ಬಿಸಿದರೆ ಇದರ ಎಲೆ ಮೊರದಷ್ಟು ಅಗಲವಾಗಿ, ಅಂಚು ಸೀಳಿಕೊಂಡು ಬೆಳೆಯುವುದನ್ನು ನೀವು ಕಂಡಿರಬಹುದು. ಸೀಸೆಯಲ್ಲಿ ಅಂಗೈಯಷ್ಟಿರುವ ಎಲೆಯೂ ಅದೇ, ಮರದ ಮೇಲೆ ಮೊರದಷ್ಟಾಗುವ ಎಲೆಯೂ ಅದೇ. ಗಿಡದ ಸ್ವಭಾವ ಬದಲಾಗಲಿಲ್ಲ. ನಾವು ಅದಕ್ಕೆ ಕೊಟ್ಟ ಜಾಗ ಬದಲಾಯಿತು.

ಆದ್ದರಿಂದ ಗಿಡ ಸಾಕುವವರು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ‘ನಾನು ಇದಕ್ಕೆ ಎಷ್ಟು ಕೊಟ್ಟೆ?’ ಎಂಬುದಲ್ಲ, ‘ಇದರ ಸ್ವಭಾವಕ್ಕೆ ಬೇಕಾದದ್ದು ಏನು?’ ಎಂಬುದು. ಪ್ರೀತಿಯೆಂದರೆ ಇನ್ನೊಬ್ಬರ ಒಳಿತನ್ನು ಬಯಸುವುದೆಂದು ಸಂತ ಥಾಮಸ್ ಅಕ್ವಿನಾಸರು ಅರಿಸ್ಟಾಟಲನನ್ನು ಅನುಸರಿಸಿ ವಿವರಿಸುತ್ತಾರೆ. ಒಳಿತು ಯಾವುದೆಂದು ತಿಳಿಯದೆ ಬಯಸುವುದಾದರೂ ಹೇಗೆ? ಗಿಡದ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ.

ಬೇರಿಗೂ ಉಸಿರು ಬೇಕು

ಎಲೆ ಉಸಿರಾಡುತ್ತದೆಂದು ಶಾಲೆಯಲ್ಲಿ ಕಲಿತಿದ್ದೇವೆ. ಬೇರೂ ಉಸಿರಾಡುತ್ತದೆಂಬುದನ್ನು ಮರೆತಿರುತ್ತೇವೆ. ಮಣ್ಣಿನ ಕಣಗಳ ಮಧ್ಯೆ ಸಣ್ಣ ಸಣ್ಣ ಸಂದುಗಳಿರುತ್ತವೆ. ಆ ಸಂದುಗಳಲ್ಲಿ ಗಾಳಿಯಿದ್ದರೆ ಬೇರಿಗೆ ಆಮ್ಲಜನಕ ಸಿಗುತ್ತದೆ. ಸದಾ ನೀರು ತುಂಬಿಕೊಂಡಿದ್ದರೆ ಗಾಳಿಗೆ ಜಾಗವಿಲ್ಲ. ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಆಮ್ಲಜನಕ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಹೀಗಾಗಿ ಬೇರು ಉಸಿರುಗಟ್ಟಿ ಸೊರಗುತ್ತದೆ. ಸೊರಗಿದ ಬೇರಿಗೆ ಕೊಳೆರೋಗದ ಸೂಕ್ಷ್ಮಜೀವಿಗಳು ಹತ್ತುತ್ತವೆ. ಕೊಳೆತ ಬೇರು ನೀರನ್ನು ಹೀರಲಾರದು. ಆಗ ಕುಂಡದ ತುಂಬ ನೀರಿದ್ದರೂ ಎಲೆಗೆ ನೀರು ತಲಪುವುದಿಲ್ಲ. ಎಲೆ ಬಾಡುತ್ತದೆ.

ನಮ್ಮ ತಾಯಿ ಎಡವಿದ್ದು ಇಲ್ಲಿಯೇ. ಬಾಡುವಿಕೆ ಒಂದೇ ಲಕ್ಷಣ. ಅದಕ್ಕೆ ಕಾರಣ ಎರಡು. ನೀರಿಲ್ಲದೆಯೂ ಬಾಡುತ್ತದೆ, ನೀರು ಹೆಚ್ಚಾದರೂ ಬಾಡುತ್ತದೆ. ಎಲೆಯನ್ನು ಮಾತ್ರ ನೋಡಿದವರಿಗೆ ಎರಡೂ ಒಂದೇ ತರಹ ಕಾಣುತ್ತವೆ. ಮಣ್ಣನ್ನು ಮುಟ್ಟಿ ನೋಡಿದವರಿಗೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ.

“ಸ್ವಾಮಿ, ನಮ್ಮ ಭತ್ತ ತಿಂಗಳುಗಟ್ಟಲೆ ನೀರಿನಲ್ಲೇ ನಿಲ್ಲುತ್ತದಲ್ಲ?” ಎಂದು ನಮ್ಮ ರೈತ ಬಂಧುಗಳು ಕೇಳಬಹುದು. ಒಳ್ಳೆಯ ಪ್ರಶ್ನೆ. ಕನ್ನಂಬಾಡಿ ಕಟ್ಟೆಯ ನೆರಳಿನಲ್ಲಿ, ನಾಲೆಯ ನೀರಿನಲ್ಲಿ ಭತ್ತ, ಕಬ್ಬು ಬೆಳೆದ ನಮಗೆ ನೀರೆಂದರೆ ಜೀವ. ಆದರೆ ಭತ್ತದ ಒಡಲಿನ ಕಟ್ಟಡವೇ ಬೇರೆ. ಅದರ ಎಲೆಯಿಂದ ಬೇರಿನವರೆಗೆ ಒಳಗೊಳಗೇ ಗಾಳಿಯ ಕೊಳವೆಗಳಿವೆ. ಮೇಲಿನ ಗಾಳಿಯನ್ನು ಅದು ಕೆಸರಿನೊಳಗಿನ ಬೇರಿಗೆ ಇಳಿಸಿಕೊಳ್ಳುತ್ತದೆ. ಕಾಡಿನ ಬಳ್ಳಿಗೆ ಆ ಅನುಕೂಲ ಅಷ್ಟಿಲ್ಲ. ಗದ್ದೆಗೆ ಒಳ್ಳೆಯದಾದ ಅಭ್ಯಾಸ ಕುಂಡಕ್ಕೆ ಕೆಡುಕಾಗುವುದು ಹೀಗೆ.

“ಹಾಗಾದರೆ ಮನಿಪ್ಲಾಂಟ್ ಬರೀ ನೀರಿನ ಸೀಸೆಯಲ್ಲಿ ಬದುಕುವುದು ಹೇಗೆ?” ಇದೂ ನ್ಯಾಯವಾದ ಪ್ರಶ್ನೆಯೇ. ನೀರಿನಲ್ಲಿ ಹುಟ್ಟಿದ ಬೇರು ನೀರಿಗೆ ಹೊಂದಿಕೊಂಡೇ ಹುಟ್ಟುತ್ತದೆ. ನೀರನ್ನು ಆಗಾಗ ಬದಲಿಸುವುದರಿಂದ ಆಮ್ಲಜನಕವೂ ಹೊಸದಾಗಿ ಸಿಗುತ್ತದೆ. ಮಣ್ಣಿನಲ್ಲಿ ಹುಟ್ಟಿದ ಬೇರನ್ನು ಇದ್ದಕ್ಕಿದ್ದಂತೆ ಕೆಸರಿನಲ್ಲಿ ಮುಳುಗಿಸಿದರೆ ಮಾತ್ರ ಅದು ತಾಳಲಾರದು.

ತೂಬಿಲ್ಲದ ಕೆರೆ

ಕೃಷ್ಣರಾಜಸಾಗರದ ಪೂರ್ಣ ಮಟ್ಟ 124.80 ಅಡಿ. ಎಷ್ಟು ದೊಡ್ಡ ಕಟ್ಟೆಯಾದರೂ ನೀರು ಹೊರಬಿಡಲು ಅದಕ್ಕೆ ಬಾಗಿಲುಗಳಿವೆ. ಹಳ್ಳಿಯ ಕೆರೆಗೂ ತೂಬು, ಕೋಡಿಗಳಿವೆ. ಆದರೆ ಅಂಗಡಿಯಲ್ಲಿ ಮಾರುವ ಎಷ್ಟೋ ಪಿಂಗಾಣಿ, ಪ್ಲಾಸ್ಟಿಕ್ ಕುಂಡಗಳ ತಳದಲ್ಲಿ ಒಂದು ತೂತೂ ಇರುವುದಿಲ್ಲ. ಅದು ತೂಬಿಲ್ಲದ ಕೆರೆ. ಮೇಲಿನ ಮಣ್ಣು ಒಣಗಿದಂತೆ ಕಂಡರೂ ತಳದಲ್ಲಿ ನೀರು ನಿಂತು ನಾರುತ್ತಿರುತ್ತದೆ.

ಆದ್ದರಿಂದ ಕುಂಡ ಕೊಳ್ಳುವಾಗ ಮೊದಲು ಬೋರಲು ಮಾಡಿ ತಳ ನೋಡಿ. ತೂತಿಲ್ಲದ ಚೆಂದದ ಕುಂಡವೇ ಇಷ್ಟವಾದರೆ, ತೂತಿರುವ ಸಾಧಾರಣ ಕುಂಡದಲ್ಲಿ ಗಿಡ ನೆಟ್ಟು ಅದನ್ನು ಇದರೊಳಗೆ ಇಡಿ. ನೀರು ಹಾಕುವಾಗ ಹೊರತೆಗೆದು, ಸೋರಿದ ಮೇಲೆ ಒಳಗಿಡಿ. ಕುಂಬಾರರ ಮಣ್ಣಿನ ಕುಂಡ ಎಲ್ಲಕ್ಕಿಂತ ಕ್ಷೇಮ. ಅದರ ಮೈಯಿಂದಲೂ ತೇವ ಆರುತ್ತದೆ. ತೂತಿನ ಮೇಲೆ ಹೆಂಚಿನ ಚೂರೊಂದನ್ನು ಬಾಗಿಸಿಟ್ಟರೆ ಮಣ್ಣು ಕೊಚ್ಚಿಹೋಗದೆ ನೀರು ಮಾತ್ರ ಇಳಿಯುತ್ತದೆ.

ಮಣ್ಣಿನ ವಿಷಯ. ಗದ್ದೆಯ ಜೇಡಿಮಣ್ಣನ್ನು ಹಾಗೇ ತುಂಬಬೇಡಿ. ಒದ್ದೆಯಾದಾಗ ಅದು ಮುದ್ದೆ, ಒಣಗಿದಾಗ ಇಟ್ಟಿಗೆ. ಕೆಮ್ಮಣ್ಣು ಒಂದು ಪಾಲು, ದಪ್ಪ ಮರಳು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು ಬೆರೆಸಿದರೆ ಸಾಕು. ತೆಂಗಿನ ನಾರಿನ ಪುಡಿ ಸಿಕ್ಕಿದರೆ ಅದನ್ನೂ ಒಂದು ಪಾಲು ಸೇರಿಸಬಹುದು. ಆದರೆ ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುವುದರಿಂದ ಎರಡು ಮೂರು ಸಲ ನೀರಿನಲ್ಲಿ ನೆನೆಸಿ ಹಿಂಡಿ ಬಳಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ, ಬೆರಳು ತಾಗಿಸಿದರೆ ಉದುರುವ ಮಣ್ಣು ಒಳ್ಳೆಯ ಮಣ್ಣು.

ನೀರು ಹಾಕುವುದು ಯಾವಾಗ?

ದಿನಕ್ಕೊಂದು ಸಲವೋ, ವಾರಕ್ಕೆರಡು ಸಲವೋ? ಯಾವ ಲೆಕ್ಕವನ್ನೂ ಇಟ್ಟುಕೊಳ್ಳಬೇಡಿ. ಗಿಡಕ್ಕೆ ಪಂಚಾಂಗವಿಲ್ಲ. ಫೆಬ್ರವರಿಯಿಂದ ಮೇವರೆಗಿನ ಬಿರುಬಿಸಿಲಿನಲ್ಲಿ ಮೂರು ನಾಲ್ಕು ದಿನಕ್ಕೇ ಮಣ್ಣು ಆರಬಹುದು. ಜುಲೈ, ಆಗಸ್ಟ್‌ನ ಮೋಡದಲ್ಲಿ ಹತ್ತು ದಿನವಾದರೂ ಹಸಿಯಾಗಿಯೇ ಇರಬಹುದು. ಕಿಟಕಿಯ ಬಳಿಯ ಗಿಡ ಹೆಚ್ಚು ಕುಡಿಯುತ್ತದೆ. ಮೂಲೆಯ ಗಿಡ ಕಡಿಮೆ ಕುಡಿಯುತ್ತದೆ.

ಉಪಾಯ ಸರಳ. ತೋರುಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿನಲ್ಲಿ ಇಳಿಸಿ. ಬೆರಳಿಗೆ ತಂಪು ತಾಗಿ, ಮಣ್ಣು ಅಂಟಿಕೊಂಡು ಬಂದರೆ ಇಂದು ನೀರು ಬೇಡ. ಒಣಗಿದ್ದು, ಬೆರಳಿನಿಂದ ಮಣ್ಣು ಉದುರಿದರೆ ನೀರು ಹಾಕಿ. ಸಣ್ಣ ಕುಂಡವಾದರೆ ಎತ್ತಿ ನೋಡಿ. ಒಣಗಿದ ಕುಂಡ ಹಗುರ. ಒಂದು ತಿಂಗಳ ಅಭ್ಯಾಸದಲ್ಲಿ ನಿಮ್ಮ ಕೈಗೇ ಆ ತೂಕದ ಅಂದಾಜು ಸಿಗುತ್ತದೆ.

ಹಾಕುವಾಗ ಮಾತ್ರ ಚಿಮುಕಿಸಿ ಬಿಡಬೇಡಿ. ತಳದ ತೂತಿನಿಂದ ನೀರು ಹೊರಬರುವ ತನಕ ನಿಧಾನವಾಗಿ ಹಾಕಿ. ಅರ್ಧ ಗಂಟೆ ಬಿಟ್ಟು ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ. ಹೊಟ್ಟೆತುಂಬ ಕೊಟ್ಟು ಆಮೇಲೆ ಆರಲು ಬಿಡುವುದು ಕಾಡಿನ ಮಳೆಯ ಕ್ರಮ.

ನಾಗಮಂಗಲ, ಕೃಷ್ಣರಾಜಪೇಟೆ ಕಡೆ ಕೊಳವೆಬಾವಿಯ ನೀರನ್ನೇ ನಂಬಿದ ಮನೆಗಳಿಗೆ ಇನ್ನೊಂದು ಮಾತು. ನೀರು ಗಡಸಾಗಿದ್ದರೆ ಕುಂಡದ ಅಂಚಿನಲ್ಲಿ ಬಿಳಿಯ ಉಪ್ಪು ಕಟ್ಟುತ್ತದೆ, ಎಲೆಯ ತುದಿ ಕಂದಾಗಿ ಸುಡುತ್ತದೆ. ಮಳೆಗಾಲದಲ್ಲಿ ಸೂರಿನ ನೀರನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿ ಹಿಡಿದಿಟ್ಟು ಗಿಡಕ್ಕೆ ಬಳಸಿ. ಅದಾಗದಿದ್ದರೆ ಆಗಾಗ ಕುಂಡವನ್ನು ಒಂದು ಒಳ್ಳೆಯ ಮಳೆಗೆ ಹೊರಗಿಡಿ, ಉಪ್ಪು ತೊಳೆದುಹೋಗುತ್ತದೆ.

ಮನಿಪ್ಲಾಂಟ್‌ಗೆ ಹೇಳಿದ್ದು ಅಗ್ಲೋನಿಮಾ, ಅರೆಕಾ ಪಾಮ್‌ಗಳಿಗೂ ಹೆಚ್ಚುಕಡಿಮೆ ಸಲ್ಲುತ್ತದೆ. ಅರೆಕಾಕ್ಕೆ ಬೆಳಕು ತುಸು ಹೆಚ್ಚಿರಲಿ. ಕತ್ತಿಯಂತೆ ನೆಟ್ಟಗೆ ನಿಲ್ಲುವ ಸ್ನೇಕ್ ಪ್ಲಾಂಟ್‌ನ ತವರು ಆಫ್ರಿಕಾದ ಪಶ್ಚಿಮ ಭಾಗ. ಅದು ದಪ್ಪ ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುತ್ತದೆ. ಕುಂಡದ ಮಣ್ಣು ಪೂರ್ತಿ ಒಣಗಿದ ಮೇಲೆ, ಎರಡು ಮೂರು ವಾರಕ್ಕೊಮ್ಮೆ ಕೊಟ್ಟರೆ ಅದಕ್ಕೆ ಸಾಕು.

ನಮ್ಮ ಕಣ್ಣು ಮಾಡುವ ಮೋಸ

‘ನೆರಳಿನ ಗಿಡ’ ಎಂಬ ಮಾತನ್ನು ‘ಕತ್ತಲೆಯ ಗಿಡ’ ಎಂದು ತಿಳಿಯುವುದು ಎರಡನೆಯ ತಪ್ಪು. ನಡುಹಗಲಿನ ಬಯಲಿನಲ್ಲಿ ಬೆಳಕು ಸುಮಾರು ಒಂದು ಲಕ್ಷ ಲಕ್ಸ್ ಇರುತ್ತದೆ. ಕಿಟಕಿಯ ಪಕ್ಕದಲ್ಲಿ ಒಂದೆರಡು ಸಾವಿರಕ್ಕೆ ಇಳಿಯುತ್ತದೆ. ಹೆಂಚಿನ ಮನೆಯ ನಡುಮನೆಯ ಮೂಲೆಯಲ್ಲಿ ನೂರು ಇದ್ದರೂ ಹೆಚ್ಚು. ಆದರೆ ನಮ್ಮ ಕಣ್ಣಿನ ಪಾಪೆ ಹಿಗ್ಗಿ ಕುಗ್ಗಿ ಎಲ್ಲವನ್ನೂ ಸರಿದೂಗಿಸುವುದರಿಂದ ಈ ಅಂತರ ನಮಗೆ ತಿಳಿಯುವುದೇ ಇಲ್ಲ. ಗಿಡಕ್ಕೆ ತಿಳಿಯುತ್ತದೆ, ಏಕೆಂದರೆ ಬೆಳಕು ಅದರ ಅಡುಗೆಯ ಒಲೆ.

ಪರೀಕ್ಷೆ ಹೀಗೆ: ಹಗಲು ಹತ್ತು ಗಂಟೆಯ ಹೊತ್ತಿಗೆ ದೀಪ ಆರಿಸಿ, ಗಿಡವಿರುವ ಜಾಗದಲ್ಲಿ ಬಿಳಿ ಕಾಗದದ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿಯಿರಿ. ನೆರಳು ಮಸುಕಾಗಿಯಾದರೂ ಕಂಡರೆ ಗಿಡ ಬದುಕುತ್ತದೆ. ಬೆರಳುಗಳು ಎಣಿಸುವಷ್ಟು ಕಂಡರೆ ಚೆನ್ನಾಗಿ ಬೆಳೆಯುತ್ತದೆ. ನೆರಳೇ ಬೀಳದಿದ್ದರೆ ಆ ಜಾಗ ಗಿಡಕ್ಕಲ್ಲ. ಪೂರ್ವದ ಅಥವಾ ಉತ್ತರದ ಕಿಟಕಿ ಉತ್ತಮ. ಪಶ್ಚಿಮದ ಕಿಟಕಿಯ ಮಧ್ಯಾಹ್ನದ ಬಿಸಿಲು ನೇರವಾಗಿ ಬಿದ್ದರೆ ಎಲೆ ಸುಟ್ಟು ಕಾಗದದಂತಾಗುತ್ತದೆ. ಅಲ್ಲಿ ತೆಳುವಾದ ಪರದೆ ಹಾಕಿ. ಎಲೆಯ ಮೇಲಿನ ಹಳದಿ ಮಚ್ಚೆಗಳು ಮಾಯವಾಗಿ ಬರೀ ಹಸಿರಾಗುತ್ತಿದ್ದರೆ, ಗೆಣ್ಣುಗಳ ನಡುವಿನ ಅಂತರ ಉದ್ದವಾಗುತ್ತಿದ್ದರೆ, ಗಿಡ ಬೆಳಕನ್ನು ಬೇಡುತ್ತಿದೆಯೆಂದು ತಿಳಿಯಿರಿ.

ನಮ್ಮ ಅನೇಕ ಮನೆಗಳಲ್ಲಿ ಯೇಸುವಿನ ಪವಿತ್ರ ಹೃದಯದ ಪಟದ ಕೆಳಗೆ ಗಿಡದ ಸೀಸೆ ಇಡುವ ರೂಢಿಯಿದೆ. ಒಳ್ಳೆಯ ರೂಢಿಯೇ. ಆದರೆ ಪೀಠವಿರುವ ಗೋಡೆ ಬಹುಮಟ್ಟಿಗೆ ಕಿಟಕಿಯಿಂದ ದೂರ. ಎರಡು ಗಿಡ ಇಟ್ಟುಕೊಳ್ಳಿ: ಒಂದು ವಾರ ಒಂದು ಪೀಠದ ಬಳಿ, ಇನ್ನೊಂದು ಕಿಟಕಿಯ ಬಳಿ, ಮರುವಾರ ಅದಲುಬದಲು. ಮೋಂಬತ್ತಿಯ ಕಾವು ತಾಗದಷ್ಟು ದೂರವಿರಲಿ.

ಬೆಳಕು ಕಡಿಮೆಯಿದ್ದಲ್ಲಿ ನೀರೂ ಕಡಿಮೆ ಇರಲಿ. ಒಲೆ ಮಂದವಾಗಿರುವಾಗ ಎಸರು ಹೆಚ್ಚಿಟ್ಟು ಪ್ರಯೋಜನವೇನು?

ಸೀಸೆಯ ನೀರು, ಸೊಳ್ಳೆಯ ತೊಟ್ಟಿಲು

ಇಲ್ಲಿಯವರೆಗೆ ಗಿಡದ ಪ್ರಾಣದ ಮಾತಾಯಿತು. ಇನ್ನು ನಮ್ಮ ಮಕ್ಕಳ ಪ್ರಾಣದ ಮಾತು. ಡೆಂಗಿ ಜ್ವರ ಹರಡುವ ಈಡಿಸ್ ಸೊಳ್ಳೆ ಚರಂಡಿಯನ್ನು ಹುಡುಕಿಕೊಂಡು ಹೋಗುವುದಿಲ್ಲ. ಮನೆಯ ಒಳಗೂ ಸುತ್ತಲೂ ನಿಂತ ತಿಳಿನೀರು ಅದಕ್ಕೆ ಇಷ್ಟ. ಮನಿಪ್ಲಾಂಟ್ ಸೀಸೆ, ಕುಂಡದ ತಟ್ಟೆ, ಹೂದಾನಿ ಇವೆಲ್ಲ ಅದಕ್ಕೆ ತೊಟ್ಟಿಲು. ಹಗಲಿನಲ್ಲೇ ಕಚ್ಚುವ ಈ ಸೊಳ್ಳೆಯ ಮೊಟ್ಟೆ ಒಡೆದು ಮರಿಯಾಗಿ, ರೆಕ್ಕೆ ಬಲಿತು ಹಾರಲು ನಮ್ಮ ಹವೆಯಲ್ಲಿ ಏಳರಿಂದ ಹತ್ತು ದಿನ ಸಾಕು.

2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿ, ಸೊಳ್ಳೆ ಹುಟ್ಟಲು ಅವಕಾಶ ಕೊಡುವ ಮನೆಯವರಿಗೂ ದಂಡದ ನಿಯಮ ತಂದಿತು. ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಸೀಸೆಯಲ್ಲಿ ಇಣುಕಿದರೆ ಬೇಸರಪಡಬೇಡಿ. ಅವರು ನೋಡುತ್ತಿರುವುದು ನಿಮ್ಮ ಮಗುವಿನ ಕ್ಷೇಮವನ್ನು.

ವಾರಕ್ಕೊಂದು ದಿನ ಗೊತ್ತುಮಾಡಿಕೊಳ್ಳಿ, ಶನಿವಾರವೆನ್ನೋಣ. ಅಂದು ಸೀಸೆಯ ನೀರನ್ನು ನೆಲದ ಮಣ್ಣಿಗೆ ಚೆಲ್ಲಿ. ಚೆಲ್ಲಿದರೆ ಮಾತ್ರ ಸಾಲದು. ಈಡಿಸ್ ತನ್ನ ಮೊಟ್ಟೆಗಳನ್ನು ನೀರಿನ ಅಂಚಿನ ಗೋಡೆಗೆ ಅಂಟಿಸುತ್ತದೆ. ಒಣಗಿದರೂ ಅವು ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಆದ್ದರಿಂದ ಸೀಸೆಯ ಒಳಗೋಡೆಯನ್ನು ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಬಳ್ಳಿಯ ಬೇರನ್ನೂ ಹರಿಯುವ ನೀರಿನಲ್ಲಿ ತೊಳೆಯಿರಿ. ಬಾಯಿಯನ್ನು ಬಳ್ಳಿಯ ಸುತ್ತ ಹತ್ತಿಯಿಂದಲೋ ಬಟ್ಟೆಯಿಂದಲೋ ಮುಚ್ಚಿ. ಇದಕ್ಕೆಲ್ಲ ಬಿಡುವಿಲ್ಲವೆನ್ನುವವರು ಬಳ್ಳಿಯನ್ನು ಮಣ್ಣಿಗೆ ಬದಲಿಸುವುದೇ ಮೇಲು.

ಮಕ್ಕಳು, ಹುಳು, ಗೊಬ್ಬರ

ಕೆಸುವಿನ ಸೊಪ್ಪನ್ನು ಹುಣಸೆಹುಳಿ ಹಾಕದೆ ಬೇಯಿಸಿದರೆ ಗಂಟಲು ಕೆರೆಯುವುದು ಎಲ್ಲ ತಾಯಂದಿರಿಗೂ ಗೊತ್ತು. ಕಾರಣ ಅದರಲ್ಲಿರುವ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು. ಮನಿಪ್ಲಾಂಟ್, ಅಗ್ಲೋನಿಮಾ, ಡಿಫೆನ್‌ಬೇಕಿಯಾ ಎಲೆಗಳಲ್ಲೂ ಅವೇ ಹರಳುಗಳಿವೆ. ಮಗು ಎಲೆ ಅಗಿದರೆ ಬಾಯಿ, ನಾಲಿಗೆ ಉರಿದು ಊದಬಹುದು. ಬಾಯಲ್ಲಿ ಉಳಿದದ್ದನ್ನು ಒರೆಸಿ ತೆಗೆದು, ನೀರಿನಿಂದ ಬಾಯಿ ತೊಳೆಸಿ. ವಾಂತಿ ಮಾಡಿಸಬೇಡಿ. ಊತ ಹೆಚ್ಚಾದರೆ, ನುಂಗಲು ಉಸಿರಾಡಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ಗಿಡ ಎತ್ತರದಲ್ಲಿರಲಿ. ನಾಯಿಬೆಕ್ಕುಗಳಿಗೂ ಈ ಎಲೆ ಆಗದು.

ಎಲೆಯ ಸಂದಿನಲ್ಲಿ ಹತ್ತಿಯಂತೆ ಬಿಳಿಯದು ಕಂಡರೆ ಅದು ಹಿಟ್ಟುತಿಗಣೆ. ಒದ್ದೆ ಬಟ್ಟೆಯಿಂದ ಒರೆಸಿ, ಒಂದು ಲೀಟರ್ ನೀರಿಗೆ ಒಂದು ಚಹಾ ಚಮಚ ಬೇವಿನ ಎಣ್ಣೆ ಮತ್ತು ಕೆಲವು ಹನಿ ಸೋಪಿನ ನೀರು ಬೆರೆಸಿ ವಾರಕ್ಕೊಮ್ಮೆ ಸಿಂಪಡಿಸಿ. ಗದ್ದೆಗೆಂದು ತಂದ ಕೀಟನಾಶಕವನ್ನು ದಯವಿಟ್ಟು ಮನೆಯೊಳಗೆ ಹೊಡೆಯಬೇಡಿ. ಹಾಗೆಯೇ ಕಬ್ಬಿಗೆಂದು ಮೂಟೆಯಲ್ಲಿರುವ ಯೂರಿಯಾವನ್ನು ಒಂದು ಹಿಡಿ ಕುಂಡಕ್ಕೂ ಹಾಕೋಣವೆನಿಸಬಹುದು. ಸಣ್ಣ ಕುಂಡದಲ್ಲಿ ಅದು ಬೇರನ್ನು ಸುಟ್ಟುಬಿಡುತ್ತದೆ. ಎರಡು ಮೂರು ತಿಂಗಳಿಗೆ ಒಂದು ಹಿಡಿ ಎರೆಗೊಬ್ಬರ ಸಾಕು. ಬೇರು ಕೆಟ್ಟು ಬಾಡಿದ ಗಿಡಕ್ಕೆ ಅದೂ ಬೇಡ. ಜ್ವರ ಬಂದವನಿಗೆ ಯಾರೂ ಹಬ್ಬದೂಟ ಬಡಿಸುವುದಿಲ್ಲವಷ್ಟೆ.

ಎಲೆ ಹೊಳೆಯಲೆಂದು ಕೊಬ್ಬರಿ ಎಣ್ಣೆ ಸವರುವವರಿದ್ದಾರೆ. ಎಣ್ಣೆಗೆ ಧೂಳು ಹತ್ತಿ ಬೆಳಕು ತಡೆಯುತ್ತದೆ, ಎಲೆಯ ರಂಧ್ರಗಳೂ ಕಟ್ಟಿಕೊಳ್ಳುತ್ತವೆ. ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಒರೆಸುವುದೇ ಸರಿ.

ಕೆಲವು ನಂಬಿಕೆಗಳು

ಗಿಡ ಕೋಣೆಯ ಗಾಳಿಯನ್ನು ಶುದ್ಧಗೊಳಿಸುತ್ತದೆಂಬ ಮಾತು ಎಲ್ಲೆಡೆ ಹಬ್ಬಿದೆ. ಇದರ ಮೂಲ 1989ರಲ್ಲಿ ಅಮೆರಿಕದ ನಾಸಾ ಸಂಸ್ಥೆ ಪ್ರಕಟಿಸಿದ ಒಂದು ಅಧ್ಯಯನ. ಆದರೆ ಆ ಪ್ರಯೋಗ ನಡೆದದ್ದು ಸಣ್ಣ ಮುಚ್ಚಿದ ಪೆಟ್ಟಿಗೆಗಳಲ್ಲಿ. 2019ರಲ್ಲಿ ಇಂಥ ಹಲವಾರು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ವಿಜ್ಞಾನಿಗಳು, ನಿಜವಾದ ಕೋಣೆಯಲ್ಲಿ ಕಿಟಕಿ ಬಾಗಿಲುಗಳಿಂದ ಆಗುವ ಗಾಳಿಯಾಟಕ್ಕೆ ಸಮನಾಗಲು ಪ್ರತಿ ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡ ಬೇಕೆಂದು ಲೆಕ್ಕ ಹಾಕಿದರು. ಶುದ್ಧ ಗಾಳಿ ಬೇಕೆಂದರೆ ಕಿಟಕಿ ತೆರೆಯಿರಿ. ಗಿಡವನ್ನು ಗಿಡವೆಂದೇ ಪ್ರೀತಿಸಿ. ರಾತ್ರಿ ಮಲಗುವ ಕೋಣೆಯಲ್ಲಿ ಗಿಡವಿದ್ದರೆ ಅಪಾಯವೆಂಬುದಕ್ಕೂ ಆಧಾರವಿಲ್ಲ. ಅದು ಹೊರಬಿಡುವ ಇಂಗಾಲದ ಡೈಆಕ್ಸೈಡ್ ಪಕ್ಕದಲ್ಲಿ ಮಲಗಿದ ಮನುಷ್ಯನ ಉಸಿರಿಗಿಂತ ಬಹಳ ಕಡಿಮೆ.

ಇನ್ನು ಮನಿಪ್ಲಾಂಟ್ ಇದ್ದರೆ ಹಣ ಬರುತ್ತದೆ, ಅದರಲ್ಲೂ ಕದ್ದು ತಂದು ನೆಟ್ಟರೆ ಚೆನ್ನಾಗಿ ಹಬ್ಬುತ್ತದೆ ಎಂಬ ನಂಬಿಕೆ. ನಗುತ್ತಾ ಹೇಳುವ ಮಾತಾದರೂ ಮಕ್ಕಳು ಕೇಳಿಸಿಕೊಳ್ಳುತ್ತಾರೆ. ಕದಿಯಬೇಡ ಎಂಬ ಏಳನೆಯ ಕಟ್ಟಳೆಯಲ್ಲಿ ಗಿಡದ ಕಡ್ಡಿಗೆ ರಿಯಾಯಿತಿಯಿಲ್ಲ. “ಅಕ್ಕ, ನಿಮ್ಮ ಬಳ್ಳಿಯ ಒಂದು ಕಡ್ಡಿ ಕೊಡಿ” ಎಂದು ಬಾಯಿಬಿಟ್ಟು ಕೇಳಿದರೆ ಇಲ್ಲವೆನ್ನುವವರು ಯಾರು?

ಈ ಬಳ್ಳಿಯ ಬಗ್ಗೆ ತಿಳಿಯಬೇಕಾದ ಒಂದು ಸತ್ಯ ಆ ನಂಬಿಕೆಗಿಂತ ಸೊಗಸಾಗಿದೆ. ಮನಿಪ್ಲಾಂಟ್ ಹೂ ಬಿಡುವುದಿಲ್ಲವೆಂದೇ ಹೇಳಬೇಕು. ಹೂ ಬಿಡಲು ಬೇಕಾದ ಜಿಬ್ಬರೆಲಿನ್ ಎಂಬ ಹಾರ್ಮೋನನ್ನು ತಯಾರಿಸುವ ಶಕ್ತಿ ಅದರಲ್ಲಿ ಕುಂದಿದೆಯೆಂದು 2016ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಹೊರಗಿನಿಂದ ಆ ಹಾರ್ಮೋನನ್ನು ಕೊಟ್ಟಾಗ ಅದು ಹೂ ಬಿಟ್ಟಿತು. ಹೂವಿಲ್ಲದೆ ಬೀಜವಿಲ್ಲ. ಹಾಗಾದರೆ ಲೋಕದ ತುಂಬ ಹಬ್ಬಿದ್ದು ಹೇಗೆ? ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿದ ಕಡ್ಡಿಗಳಿಂದ. ನಿಮ್ಮ ಕಿಟಕಿಯ ಬಳ್ಳಿ ಹೀಗೆ ಕೈಯಿಂದ ಕೈಗೆ ಬಂದದ್ದೇ.

ಸಾಯುತ್ತಿರುವ ಗಿಡವನ್ನು ಉಳಿಸುವುದು

ಈಗ ಆ ತಾಯಿಯ ಮನೆಗೆ ಹಿಂದಿರುಗೋಣ. ಎಲೆ ಹಳದಿಯಾಗಿದೆ, ಮಣ್ಣು ಒದ್ದೆಯಾಗಿದೆ. ಕಾಲ ಮೀರಿಲ್ಲ. ಕುಂಡವನ್ನು ಬೋರಲು ಮಾಡಿ ಗಿಡವನ್ನು ಮೆಲ್ಲಗೆ ಹೊರತೆಗೆಯಿರಿ. ಗಟ್ಟಿಯಾಗಿ ಬಿಳಿಚಿಕೊಂಡ ಬೇರು ಜೀವಂತ. ಕಪ್ಪಾಗಿ, ಮೆತ್ತಗಾಗಿ, ನಾರುವ ಬೇರು ಸತ್ತದ್ದು. ಸತ್ತದ್ದನ್ನು ಸ್ವಚ್ಛವಾದ ಕತ್ತರಿಯಿಂದ ತೆಗೆದು, ತೂತಿರುವ ಕುಂಡದಲ್ಲಿ ಹೊಸ ಸಡಿಲ ಮಣ್ಣಿಗೆ ನೆಡಿ. ಒಮ್ಮೆ ನೀರು ಕೊಟ್ಟು, ಮತ್ತೆ ಬೆರಳು ಒಪ್ಪುವ ತನಕ ಕಾಯಿರಿ.

ಬೇರೆಲ್ಲ ಹೋಗಿದ್ದರೂ ನಿರಾಶರಾಗಬೇಡಿ. ಬಳ್ಳಿಯ ತುದಿಯಲ್ಲಿ ಹಸಿರು ಉಳಿದಿದ್ದರೆ ಒಂದು ಗೆಣ್ಣಿನ ಕೆಳಗೆ ಕತ್ತರಿಸಿ. ಗೆಣ್ಣು ಇರಲೇಬೇಕು. ಬರೀ ಎಲೆಯನ್ನು ನೀರಿನಲ್ಲಿಟ್ಟರೆ ಹೊಸ ಬಳ್ಳಿ ಹುಟ್ಟದು, ಏಕೆಂದರೆ ಚಿಗುರಿನ ಮೊಗ್ಗು ಇರುವುದು ಗೆಣ್ಣಿನಲ್ಲಿ. ಗೆಣ್ಣು ಮುಳುಗುವಂತೆ ನೀರಿನಲ್ಲಿಟ್ಟು ಬೆಳಕಿರುವ ಕಿಟಕಿಯ ಬಳಿ ಇಡಿ. ಎರಡು ಮೂರು ವಾರಗಳಲ್ಲಿ ಬಿಳಿಯ ಬೇರು ಇಣುಕುತ್ತದೆ. ಎರಡು ಅಂಗುಲವಾದ ಮೇಲೆ ಮಣ್ಣಿಗೆ ನೆಡಿ. ಮಣ್ಣಿಗೆ ಒಗ್ಗುವವರೆಗೆ ಮೊದಲ ಒಂದೆರಡು ವಾರ ಪೂರ್ತಿ ಒಣಗಲು ಬಿಡಬೇಡಿ. ಮಗ ಕೊಟ್ಟ ಗಿಡ ಸತ್ತಿಲ್ಲ. ಅದೇ ಬಳ್ಳಿ ಅದೇ ಒಡಲಿನಿಂದ ಮತ್ತೆ ಹೊರಟಿದೆ. ಮುಂದಿನ ಸಲ ಮಗ ಕೇಳಿದಾಗ ಆ ತಾಯಿ ಮಾತು ತೇಲಿಸಬೇಕಾಗಿಲ್ಲ. “ಸ್ವಲ್ಪ ಕೆಟ್ಟಿತ್ತು ಕಣಪ್ಪ, ಈಗ ಚಿಗುರಿದೆ. ನೀನು ಬಂದಾಗ ಒಂದು ಕಡ್ಡಿ ತೆಗೆದುಕೊಂಡು ಹೋಗು” ಎನ್ನಬಹುದು.

ದಿನವೂ ಚೊಂಬು ಹಿಡಿದು ಹೋಗುವುದು ಸುಲಭ. ಬೆರಳು ಊರಿ ನೋಡಿ, ಇಂದು ಬೇಡವೆಂದು ತಿಳಿದು, ತುಂಬಿದ ಚೊಂಬಿನೊಡನೆ ಹಿಂದಿರುಗುವುದು ಕಷ್ಟ. ಹಾಗೆ ಹಿಂದಿರುಗಿದ ದಿನವೂ ನೀವು ಗಿಡದ ಆರೈಕೆ ಮಾಡಿದ್ದೀರಿ.

ಈ ವಾರದ ಮನೆಪಾಠ

1. ಮನೆಯ ಎಲ್ಲ ಕುಂಡಗಳ ತಳ ನೋಡಿ. ತೂತಿಲ್ಲದವನ್ನು ಎಣಿಸಿ, ಬದಲಿಸಿ.

2. ಏಳು ದಿನ ಬೆಳಿಗ್ಗೆ ಬೆರಳಿಟ್ಟು ನೋಡಿ, ‘ಒಣ’ ಅಥವಾ ‘ಹಸಿ’ ಎಂದು ಕ್ಯಾಲೆಂಡರಿನಲ್ಲಿ ಬರೆಯಿರಿ. ಈ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿ.

3. ಶನಿವಾರ ಸೀಸೆ, ತಟ್ಟೆ, ಹೂದಾನಿಗಳನ್ನು ಉಜ್ಜಿ ತೊಳೆಯಿರಿ.

4. ಚೆನ್ನಾಗಿ ಬೆಳೆದ ಬಳ್ಳಿಯಿಂದ ಗೆಣ್ಣಿರುವ ಒಂದು ಕಡ್ಡಿ ಕತ್ತರಿಸಿ, ಒಂಟಿಯಾಗಿರುವ ನೆರೆಯವರೊಬ್ಬರಿಗೆ ಕೊಟ್ಟುಬನ್ನಿ. ಜೊತೆಗೆ ಬೆರಳಿನ ಪಾಠವನ್ನೂ ಹೇಳಿಕೊಡಿ.